ಲೂಯಿ ಮೊಹೋಲೊ: ಆರು ಮಂದಿಯಲ್ಲಿ ಉಳಿದವನು

ದಕ್ಷಿಣ ಆಫ್ರಿಕೆಯ ವರ್ಣಭೇದದ ಇತಿಹಾಸವನ್ನು ಬರೆಯುವವರು ಶಾಸನಗಳನ್ನೂ ಸೆರೆಮನೆಗಳನ್ನೂ ಕುರಿತು ವಿಸ್ತಾರವಾಗಿ ಹೇಳುವರು. ಆ ಶಾಸನಗಳ ದೆಸೆಯಿಂದ ತಾಯ್ನಾಡನ್ನು ತೊರೆದ ವಾದ್ಯಗಾರರ ವೃತ್ತಾಂತವಾದರೋ ಕೆಲವೇ ಪಂಕ್ತಿಗಳಲ್ಲಿ ಮುಗಿದುಹೋಗುವುದು. ಲೂಯಿ ಮೊಹೋಲೊ ಎಂಬ ಡ್ರಮ್ ವಾದಕನು ಅಂಥವರಲ್ಲೊಬ್ಬನು.

ಈತನು 1940ನೆಯ ಇಸವಿ ಮಾರ್ಚಿ 10ರಂದು ಕೇಪ್‌ಟೌನ್ ನಗರದಲ್ಲಿ ಜನಿಸಿ, ಕರಿಯರ ವಾಸಕ್ಕೆಂದೇ ಬೇರ್ಪಡಿಸಿದ್ದ ಲಾಂಗಾ ಎಂಬ ಕೇರಿಯಲ್ಲಿ ಬೆಳೆದನು. ಅಮೇರಿಕೆಯ ಕರಿಯರಲ್ಲಿ ಹುಟ್ಟಿದ ಜಾಜ್ ಸಂಗೀತವು ಆ ವೇಳೆಗಾಗಲೇ ಅಲ್ಲಿನ ನಗರಗಳಲ್ಲಿ ಬೇರೂರಿ, ನಾಡಹಾಡುಗಳ ಸತ್ತ್ವವನ್ನು ಹೀರಿ, ತನ್ನದೇ ಆದ ಕಳೆಯನ್ನು ಪಡೆದಿದ್ದಿತು. 1962ರ ಜೊಹಾನ್ಸ್‌ಬರ್ಗ್ ಜಾಜ್ ಉತ್ಸವದಲ್ಲಿ ಬಹುಮಾನವನ್ನು ಪಡೆದ ಈ ತರುಣನು ಬಳಿಕ 'ಬ್ಲೂ ನೋಟ್ಸ್' ಎಂಬ ಮೇಳವನ್ನು ಸೇರಿದನು. ಪಿಯಾನೊ ನುಡಿಸುತ್ತಿದ್ದ ಕ್ರಿಸ್ ಮೆಗ್ರೆಗರನು ಬಿಳಿಯನು. ಡೂಡು ಪುಕ್ವಾನ, ನಿಕೆಲೆ ಮೊಯಾಕೆ, ಮೊಂಗೆಜಿ ಫೆಜಾ, ಜಾನಿ ಡ್ಯಾನಿ, ಮೊಹೋಲೊ ಈ ಐವರೂ ಕರಿಯರು. ಶ್ರುತಿ ಕೂಡಿದರೆ ಸಾಲದು, ಮೈಬಣ್ಣವೂ ಕೂಡಬೇಕೆಂಬ ರಾಜ್ಯದಲ್ಲಿ ಇಂಥ ಮೇಳಕ್ಕೆ ಎಡೆಯೆಲ್ಲಿ?

1964ರ ಜುಲೈ ತಿಂಗಳಲ್ಲಿ ಫ್ರಾನ್ಸಿನ ಆಂಟಿಬ್ ಸಂಗೀತೋತ್ಸವದ ನೆವದಿಂದ ಆರು ಮಂದಿಯೂ ಯೂರೋಪನ್ನು ಸೇರಿದರು. ಕೆಲಕಾಲ ಜೂರಿಕ್ ನಗರದಲ್ಲಿದ್ದು, 1965ರಲ್ಲಿ ಲಂಡನ್ನಿಗೆ ಬಂದು ನೆಲಸಿದರು. ಮೊಯಾಕೆಯೊಬ್ಬನು ಸ್ವದೇಶಕ್ಕೆ ಹಿಂದಿರುಗಿ ಅಲ್ಪಕಾಲದಲ್ಲಿಯೇ ತೀರಿಕೊಂಡನು. 1966ರಲ್ಲಿ ಮೊಹೋಲೊ ಮತ್ತು ಡ್ಯಾನಿ ಅಮೇರಿಕದ ಸ್ಟೀವ್ ಲೇಸಿಯ ಸಂಗಡ ಅರ್ಜೆಂಟೀನದ ಬ್ಯೂನಸ್ ಐರಿಸ್ಸಿನವರೆಗೂ ಹೋಗಿ ನುಡಿಸಿದರು.

ಆವರ್ತಗಳ ಕಟ್ಟನ್ನು ಸಡಿಲಿಸಿದ ಜಾಜ್ ಪದ್ಧತಿಯು ಆಗ ತಲೆಯೆತ್ತುತ್ತಿದ್ದಿತು. ಮೊಹೋಲೊ ಅದರಲ್ಲಿ ಪ್ರವೀಣನಾದನು. ಮೃದಂಗದ ಮುಕ್ತಾಯಕ್ಕಾಗಿ ಕಾದು ಕುಳಿತ ಕಿವಿಗೆ ಆತನ ವಾದನವು ಮೊದಲು ಬರಿಯ ಗದ್ದಲವೆಂದೇ ತೋರೀತು. ತಾಳ್ಮೆಯಿಂದ ಆಲಿಸಿದರೆ, ಕಂಚಿನ ತಟ್ಟೆಗಳ ಮೊರೆತದ ಒಳಗೆ ಲಾಂಗಾದ ಕುಣಿತದ ನಡೆಯು ಕೇಳಿಬರುವುದು. ಮೆಗ್ರೆಗರನು ಕಟ್ಟಿದ 'ಬ್ರದರ್‌ಹುಡ್ ಆಫ್ ಬ್ರೆತ್' ಎಂಬ ದೊಡ್ಡ ಮೇಳದಲ್ಲಿ ಆಂಗ್ಲ ವಾದಕರು ಈ ನಡೆಗೆ ಹೆಜ್ಜೆ ಹಾಕಿದರು.

1975ರ ಡಿಸೆಂಬರಿನಲ್ಲಿ, ತುತ್ತೂರಿ ನುಡಿಸುತ್ತಿದ್ದ ಫೆಜಾ ಮೂವತ್ತರ ಪ್ರಾಯದಲ್ಲಿಯೇ ಶ್ವಾಸಕೋಶದ ಜ್ವರದಿಂದ ಲಂಡನ್ನಿನಲ್ಲಿ ಮಡಿದನು. ಕೆಲವೇ ದಿನಗಳ ಮೇಲೆ ಉಳಿದ ನಾಲ್ವರೂ ಧ್ವನಿಮುದ್ರಣದ ಕೊಠಡಿಯಲ್ಲಿ ಕೂಡಿದರು. ಮೊದಲೇ ಬರೆದ ರಚನೆಯಿಲ್ಲ, ಇದನ್ನು ನುಡಿಸೋಣವೆಂಬ ಒಪ್ಪಂದವಿಲ್ಲ. ಮನಸ್ಸಿಗೆ ಬಂದಂತೆ ನುಡಿಸಿದರು, ನಡುನಡುವೆ ತಾಯ್ನುಡಿಯಲ್ಲಿ ಕೂಗಿ ಹಾಡಿದರು. ತರ್ಪಣಕ್ಕೆ ಇದಕ್ಕಿಂತ ಬೇರೆ ಎಳ್ಳುನೀರು ಬೇಕೆ? 1986ರಲ್ಲಿ ಡ್ಯಾನಿ ಬರ್ಲಿನ್ನಿನಲ್ಲಿ ಮೃತನಾಗಲು, ಮರುವರ್ಷ ಅದೇ ಬಗೆಯಲ್ಲಿ ನುಡಿಸಿದವರು ಮೂವರು. ಮಂಡೇಲಾ 1990ರ ಫೆಬ್ರುವರಿಯಲ್ಲಿ ಸೆರೆಯಿಂದ ಹೊರಬಂದರು; ದೇಶದ ಬಾಗಿಲು ತೆರೆಯಿತು. ಆ ವರ್ಷದ ಮೇ ತಿಂಗಳಲ್ಲಿ ಮೆಗ್ರೆಗರನೂ ಜೂನ್ ತಿಂಗಳಲ್ಲಿ ಪುಕ್ವಾನನೂ ಗತಿಸಿದರು. ಇಪ್ಪತ್ತಾರು ವರ್ಷ ಕಾದ ಬಾಗಿಲನ್ನು ದಾಟಲು ಅವರಿಗೆ ಆಯುಸ್ಸು ಉಳಿಯಲಿಲ್ಲ.

ಮೊಹೋಲೊ 1993ರಲ್ಲಿ 'ವೀವಾ ಲಾ ಬ್ಲ್ಯಾಕ್' ಎಂಬ ತನ್ನ ಮೇಳದೊಡನೆ ದಕ್ಷಿಣ ಆಫ್ರಿಕೆಯಲ್ಲಿ ಸಂಚರಿಸಿದನು. 2005ರಲ್ಲಿ ಸಂಸಾರಸಮೇತನಾಗಿ ಹಿಂದಿರುಗಿ, ಬಾಲ್ಯದ ಲಾಂಗಾದಲ್ಲಿಯೇ ಮನೆಮಾಡಿದನು. ಅಲ್ಲಿಯೂ ಡ್ರಮ್ಮನ್ನು ಬಿಡಲಿಲ್ಲ. 2025ರ ಜೂನ್ 13ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಆರು ಮಂದಿಯಲ್ಲಿ ಕಡೆಯವನಾಗಿ ಕಾಲವಶನಾದನು.