ಸರ್ವೇ ಫೋನು ಎತ್ತೋರ್ಯಾರು?

ಈ "ಒಂದು ಒತ್ತಿ, ಎರಡು ಒತ್ತಿ" ಅನ್ನೋ ಸರ್ವೇ ಫೋನುಗಳು ಎಲ್ಲಿಂದ ಬಂದ್ವು ಅಂತ ನಮ್ಮ ಅಕ್ಕ ತಂಗೀರೆಲ್ಲ ಕೇಳ್ತಾನೇ ಇರ್ತಾರೆ. ನಾನು ಓದಿ ತಿಳ್ಕೊಂಡಷ್ಟು ಬರೀತೀನಿ.

ಮುಂಚೆ ಸರ್ವೇ ಅಂದ್ರೆ ಮನುಷ್ಯರೇ ಬಾಗಿಲಿಗೆ ಬರೋರು. ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಶುರುವಾಗಿದ್ದು, ಪಿ.ಸಿ. ಮಹಲನೋಬಿಸ್ ಅವರು ಹಾಕಿಕೊಟ್ಟ ದಾರಿ. ತಿಂಗಳಿಗೆ ಎಷ್ಟು ಅಕ್ಕಿ, ಎಣ್ಣೆಗೆಷ್ಟು ಖರ್ಚು ಅಂತ ಕೂತು ಬರ್ಕೊಳ್ಳೋರು. ಸೋಪು, ಟೀ ಪುಡಿ ಕಂಪ್ನಿಯೋರೂ ಹಂಗೇ. ಬಂದೋರು ಅಡುಗೆಮನೆ ಕಡೆ ಒಂದ್ಸಲ ಕಣ್ಣು ಹಾಯ್ಸಿದ್ರೆ ಯಾವ ಡಬ್ಬ ಐತೆ, ಯಾವ್ದಿಲ್ಲ ಎಲ್ಲಾ ಗೊತ್ತಾಗೋದು. ಜಂಬಕ್ಕೆ ಸುಳ್ಳು ಹೇಳೋಕೂ ಆಗ್ತಿರ್ಲಿಲ್ಲ!

ನಮ್ ದೇಶಕ್ಕೆ ಮೊಬೈಲು ಬಂದಿದ್ದು 1995ರಲ್ಲಿ. ಆಗ ಒಳಗೆ ಬರೋ ಕರೆಗೂ ದುಡ್ಡು. ಅಂಥದ್ರಲ್ಲಿ ನಿಮ್ಮನೇಲಿ ಯಾವ ಸೋಪು ಅಂತ ಕೇಳಿದ್ರೆ ಬೈಸ್ಕೊಳ್ಳೋರು. 2003ರಲ್ಲಿ ಬರೋ ಕರೆ ಪುಕ್ಕಟೆ ಆದ್ಮೇಲೇ ದಾರಿ ಸಲೀಸಾಗಿದ್ದು. ಮಾಡೋ ಕರೆಗೆ ಮಾತ್ರ ದುಡ್ಡು, ಅದಕ್ಕೇ ನಾವೆಲ್ಲ ಮಿಸ್ಡ್ ಕಾಲ್ ಕಲ್ತಿದ್ದು. ಎರಡು ರಿಂಗ್ ಕೊಟ್ರೆ ಬಸ್ ಹತ್ತಿದ್ದಾಯ್ತು ಅಂತ. ಈ ಉಪಾಯಾನೇ ಬಂಡವಾಳ ಮಾಡ್ಕೊಂಡು 2010ರಲ್ಲಿ ನಮ್ ಪಕ್ಕದ ಬೆಂಗಳೂರಲ್ಲೇ ಜಿಪ್‌ಡಯಲ್ ಅನ್ನೋ ಕಂಪ್ನಿ ಹುಟ್ತು. ಅದನ್ನ ಕಟ್ಟಿದೋರಲ್ಲಿ ವ್ಯಾಲರಿ ವ್ಯಾಗನರ್ ಅನ್ನೋ ಅಮೆರಿಕದ ಹೆಣ್ಮಗಳೂ ಒಬ್ರು. ಜಾಹೀರಾತಲ್ಲಿರೋ ನಂಬರಿಗೆ ರಿಂಗ್ ಕೊಟ್ರೆ ತಾನೇ ಕಟ್ ಆಗಿ, ಆ ಕಡೆಯಿಂದ ಮೆಸೇಜೋ ಕರೆಯೋ ಬರೋದು. ನಮಗೆ ಪೈಸೆ ಖರ್ಚಿಲ್ಲ, ಅವರಿಗೆ ನಮ್ ನಂಬರ್ ಸಿಕ್ತು. 2015ರಲ್ಲಿ ಅದನ್ನ ಟ್ವಿಟರ್ ಕೊಂಡ್ಕೊಳ್ತು.

ಆದ್ರೆ ಉತ್ತರ ಕೊಟ್ಟೋರ ಲೆಕ್ಕಾನೇ ಊರಿನ ಲೆಕ್ಕ ಅಂದ್ಕೊಂಡ್ರೆ? 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಫೋನ್ ಡೈರೆಕ್ಟರಿ, ಕಾರಿರೋರ ಪಟ್ಟಿ ಇಟ್ಕೊಂಡು ಸುಮಾರು ಒಂದು ಕೋಟಿ ಜನಕ್ಕೆ ಕಾಗದ ಹಾಕ್ತು. ಇಪ್ಪತ್ತು ಲಕ್ಷಕ್ಕೂ ಮೇಲೆ ಉತ್ತರ ಬಂದ್ವು. ಲ್ಯಾಂಡನ್ ಗೆಲ್ತಾರೆ ಅಂತ ಬರೆದ್ರು. ಗೆದ್ದಿದ್ದು ರೂಸ್‌ವೆಲ್ಟ್, 48 ರಾಜ್ಯದಲ್ಲಿ 46 ಅವರಿಗೇ! ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದಿದ್ದು ಉಳ್ಳೋರ ಮನೇಲಿ ತಾನೇ.

ಇಲ್ಲೂ ಹಂಗೇ ಕಣಮ್ಮ. ಶಿಡ್ಲಘಟ್ಟದಲ್ಲಿ ಬಿಸಿನೀರಿಗೆ ಬೆರಳಿಟ್ಟು ಗೂಡಿಂದ ಎಳೆ ತೆಗೆಯೋ ಹೆಣ್ಮಕ್ಕಳು ಹಗಲು ಹನ್ನೊಂದಕ್ಕೆ ಫೋನ್ ಎತ್ತೋಕಾಗುತ್ತಾ? ಚಿಂತಾಮಣಿ, ಗೌರಿಬಿದನೂರು ಕಡೆ ಎಷ್ಟೋ ಮನೇಲಿ ತೆಲುಗು ಮಾತು. ಫೋನಲ್ಲಿ ಬರೋದು ಪುಸ್ತಕದ ಕನ್ನಡ, ಇಲ್ಲಾಂದ್ರೆ ಹಿಂದಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ತಾವೇ ಬಳಸೋ ಮೊಬೈಲ್ ಇರೋ ಹೆಂಗಸರು ನೂರಕ್ಕೆ 54. ಮಿಕ್ಕಿದ ಮನೇಲಿ ಎತ್ತೋದು ಗಂಡಸರೇ. ಹೋದ ವರ್ಷ ನಮ್ ಯಜಮಾನ್ರು ಬಟ್ಟೆ ಪುಡಿ ಸರ್ವೇಗೆ ನೀಟಾಗಿ ಉತ್ತರ ಕೊಟ್ರು. ಅವರು ಹೇಳಿದ ಪುಡಿ ನಮ್ಮನೆಗೆ ಬಂದು ಎರಡು ವರ್ಷ ಆಗಿತ್ತು! ಆ ಉತ್ತರ ನೋಡ್ಕೊಂಡು ಅಲ್ಲಿ ಯಾರೋ ಪ್ಯಾಕೆಟ್ ಸೈಜು, ರೇಟು ಗೊತ್ತು ಮಾಡ್ತಾರೆ. ಹತ್ತು ರೂಪಾಯಿ ಪ್ಯಾಕೆಟ್ ತಗೊಳ್ಳೋಳನ್ನ ಕೇಳೋರೇ ಇಲ್ಲ.

ಒಟಿಪಿ, ಬ್ಯಾಂಕ್ ನಂಬರ್ ಕೇಳಿದ್ರೆ ಅದು ಸರ್ವೇನೇ ಅಲ್ಲ, ಇಟ್ಬಿಡಿ. ಜಾಹೀರಾತಿನ ಕಾಟ ಜಾಸ್ತಿ ಆದ್ರೆ 1909ಕ್ಕೆ ಫೋನ್ ಮಾಡಿ ನಿಲ್ಲಿಸೋಕೆ ಹೇಳಿ. ನಿಜವಾದ ಸರ್ವೇ ಅಂತ ಗೊತ್ತಾದ್ರೆ ಮಾತ್ರ ನಾನು ಯಜಮಾನ್ರ ಕೈಯಿಂದ ಫೋನ್ ಇಸ್ಕೊಂಡು ನಾನೇ ಹೇಳ್ತೀನಿ.