ಪಾಪಾಸುಕಳ್ಳಿ

ಕಿಟಕಿಯಂಚಿನ ಪುಟ್ಟ ಕುಂಡದಲ್ಲಿ ನಿಂತ ಈ ಗಿಡದ ಹೆಸರಿನಲ್ಲೊಂದು ಚಪ್ಪಲಿ ಇದೆ. ಪಾರಸಿಯಲ್ಲಿ ‘ಪಾ’ ಎಂದರೆ ಕಾಲು, ‘ಪೋಶ್’ ಎಂದರೆ ಹೊದಿಕೆ. ‘ಪಾಪೋಶ್’ ಕನ್ನಡಕ್ಕೆ ಬಂದು ‘ಪಾಪಾಸು’ ಆಯಿತು. ಚಪ್ಪಟೆ ಕಾಂಡ ಥೇಟ್ ಮೆಟ್ಟಿನ ಅಟ್ಟೆಯಂತೆ!

‘ಕಳ್ಳಿ’ ದ್ರಾವಿಡ ಪದ. ತಮಿಳು, ಮಲಯಾಳಗಳಲ್ಲೂ ಉಂಟು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಬಳಸಿದ ‘ಯುಫೋರ್ಬಿಯ ತಿರುಕಲ್ಲಿ’ ಎಂಬ ಹೆಸರಿನಲ್ಲೂ ಅದು ಕೂತಿದೆ. ಗೀರಿದರೆ ಹಾಲು ಸುರಿಸುವ ಚದುರಗಳ್ಳಿಯಂಥ ಗಿಡಗಳ ಈ ಹೆಸರು, ಅಮೆರಿಕ ಮೂಲದ ಹಾಲಿಲ್ಲದ ಕ್ಯಾಕ್ಟಸ್‌ಗೂ ಸಂದಿತು.

ಮನೆಯೊಳಗಿನ ಕುಳ್ಳ ಜಾತಿಗೆ ಬಿಸಿಲು ಬೀಳುವ ಕಿಟಕಿ, ತಳದಲ್ಲಿ ತೂತಿರುವ ಕುಂಡ, ಮರಳು ಬೆರೆತ ಮಣ್ಣು ಬೇಕು. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು. ಕೂದಲಿನಷ್ಟು ಸಣ್ಣ ಮುಳ್ಳುಗಳು ಚರ್ಮಕ್ಕೆ ನಾಟುವುದರಿಂದ, ಕುಂಡ ಬದಲಿಸುವಾಗ ಮಡಿಸಿದ ಕಾಗದ ಸುತ್ತಿ ಹಿಡಿಯಬೇಕು.