ತೂಬಿನ ಕಂಬದಿಂದ ಪ್ಲಾಸ್ಟಿಕ್ ತಂತಿಯವರೆಗೆ

ದೊಡ್ಡಬಳ್ಳಾಪುರ, ಹೊಸಕೋಟೆ ಸೀಮೆಯ ಹಳೆಯ ಕೆರೆಗಳಲ್ಲಿ ಏರಿಯ ಒಳಮಗ್ಗುಲಿಗೆ ಜೋಡಿ ಕಲ್ಲುಕಂಬಗಳು ಕಾಣುತ್ತವೆ. ಅದೇ ತೂಬು. ಕಂಬಗಳ ನಡುವಿನ ಅಡ್ಡಗಲ್ಲುಗಳು ಎಷ್ಟು ಮುಳುಗಿವೆ ಎಂದು ನೋಡಿದರೆ ಕೆರೆಯ ನೀರಿನ ಅಂದಾಜು ಸಿಗುತ್ತಿತ್ತು. ತೂಬೆತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಗೆ ಏರಿಯ ಜಿನುಗೂ ಕಣ್ಣಿಗೆ ಬೀಳುತ್ತಿತ್ತು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರ ಯೋಜನೆಯಂತೆ, ಬೆಂಗಳೂರಿಗೆ ಹೆಸರಘಟ್ಟದಿಂದ ಅರ್ಕಾವತಿಯ ನೀರು ಹೊರಟಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಬಂತು. ನೀರು ಕೊಳವೆಯೊಳಗೆ ಹೊಕ್ಕ ಮೇಲೆ ಸೋರಿಕೆ ಕಣ್ಣಿಗೆ ಮರೆಯಾಯಿತು. ಮುಂದೆ ಅರ್ಕಾವತಿಯೇ ಬತ್ತಿ, ಹಳ್ಳಿಗಳು ಕೊಳವೆಬಾವಿಗೆ ಜೋತುಬಿದ್ದವು. ನೂರಾರು ಅಡಿ ಆಳದಲ್ಲಿ ನೀರು ಇಳಿದದ್ದು ತಿಳಿಯದೆ ಪಂಪು ಒಣಗಿ ಓಡಿದರೆ ಮೋಟಾರು ಸುಟ್ಟಿತೆಂದೇ ಲೆಕ್ಕ. ಅದನ್ನು ಮೇಲೆತ್ತಿ ಸುತ್ತಿಸುವ ಖರ್ಚು ಸಣ್ಣ ರೈತನಿಗೆ ಒಂದು ಬೆಳೆಯನ್ನೇ ನುಂಗುವಂಥದು.

ಇದಕ್ಕೆ ಕಂಡುಕೊಂಡ ಒಂದು ಉಪಾಯ ಸರಳ. ನೀರು ತಾಗಿದಾಗ ಎರಡು ಲೋಹದ ಕಡ್ಡಿಗಳ ನಡುವೆ ವಿದ್ಯುತ್ ಹರಿಯುತ್ತದೆ, ನೀರು ಇಳಿದರೆ ನಿಲ್ಲುತ್ತದೆ. ತೊಂದರೆ ಏನೆಂದರೆ, ಲೋಹ ಸವೆಯುತ್ತದೆ. ಗಡಸು ನೀರಿನಲ್ಲಿ ಅದರ ಮೇಲೆ ಸುಣ್ಣ ಕಟ್ಟುತ್ತದೆ. ಸವೆತದ ಮಟ್ಟಿಗೆ ನೆರವಾಗುವುದು ವಿದ್ಯುತ್ ಹರಿಸುವ ಪ್ಲಾಸ್ಟಿಕ್. ಪ್ಲಾಸ್ಟಿಕ್ ಎಂದರೆ ತಂತಿಯ ಹೊದಿಕೆ, ವಿದ್ಯುತ್ತನ್ನು ತಡೆಯುವ ವಸ್ತು ಎಂದೇ ಎಲ್ಲರ ನಂಬಿಕೆಯಾಗಿತ್ತು. 1977ರಲ್ಲಿ ಶಿರಾಕಾವಾ, ಮ್ಯಾಕ್‌ಡಿಯಾರ್ಮಿಡ್, ಹೀಗರ್ ಎಂಬ ಮೂವರು ಪಾಲಿಅಸಿಟಿಲೀನ್‌ಗೆ ಅಯೋಡಿನ್ ಸೇರಿಸಿ ಆ ನಂಬಿಕೆಯನ್ನು ಅಲ್ಲಾಡಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಸಾಧಾರಣ ಪ್ಲಾಸ್ಟಿಕ್ಕಿಗೆ ಇಂಗಾಲದ ಪುಡಿ ಬೆರೆಸಿಯೂ ವಿದ್ಯುತ್ ಹರಿಸಬಹುದು. ಇದು ಅವರ ಶೋಧವಲ್ಲ, ಆದರೆ ಅಗ್ಗದ ದಾರಿ.

ಇಂಥ ಪ್ಲಾಸ್ಟಿಕ್ ಹೊದಿಸಿದ ಎರಡು ತಂತಿಗಳನ್ನು ಕೇಬಲ್ಲಿನಂತೆ ಹೆಣೆದು ಕಂಪ್ಯೂಟರ್ ಕೋಣೆಗಳ ನೆಲದಡಿ ಹಾಸುತ್ತಾರೆ. ಎಲ್ಲಾದರೂ ನೀರು ಬಿದ್ದರೆ ತಂತಿಗಳ ನಡುವೆ ಅದೇ ಸೇತುವೆಯಾಗುತ್ತದೆ. ಆ ಜಾಗದವರೆಗಿನ ತಂತಿಯ ರೋಧವನ್ನು ಅಳೆದರೆ ಸೋರಿದ್ದು ಎಷ್ಟು ದೂರದಲ್ಲಿ ಎಂಬುದೂ ತಿಳಿಯುತ್ತದೆ. ಆದರೆ ಊರಿನ ಕೊಳವೆಗೆ ಈ ಕೇಬಲ್ ಅಷ್ಟು ಒಗ್ಗದು. ಮಳೆಗೆ ನೆನೆದ ಮಣ್ಣು ಯಾವುದು, ಸೋರಿದ ನೀರು ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ನೀರುಗಂಟಿ ಎಂಬ ಹೆಸರು ಇನ್ನೂ ಅಳಿದಿಲ್ಲ. ಪಂಚಾಯಿತಿಯ ಮೇಲ್ತೊಟ್ಟಿಯ ವಾಲ್ವ್ ತಿರುಗಿಸುವವನನ್ನು ಹಳ್ಳಿಗಳಲ್ಲಿ ಇಂದಿಗೂ ಹಾಗೆಯೇ ಕರೆಯುತ್ತಾರೆ. ತೊಟ್ಟಿ ತುಂಬಿದ್ದು, ಎಷ್ಟೋ ಸಲ, ಅದು ಹೊರಚೆಲ್ಲಿದ ಮೇಲೆಯೇ ಅವನಿಗೆ ಗೊತ್ತಾಗುವುದು.